ಹರಿಹರ ಪ್ಯಾಸೆಂಜರಿನ ಲಿಮಿಟ್ ಮಾಸ್ತರು

ದಾವಣಗೆರೆ ಸ್ಟೇಷನ್ನಿನಲ್ಲಿ ಇನ್ನೂ ಬೆಳಕು ಹರಿದಿಲ್ಲ. ಹರಿದಿರುವುದು ವಾಮದೇವಪ್ಪನವರ ಚಪ್ಪಲಿಯ ಉಂಗುಷ್ಟ ಮಾತ್ರ. ಆ ಚಪ್ಪಲಿಯನ್ನು ಒಂದು ಕೈಯಲ್ಲಿ ಹಿಡಿದು, ಊಟದ ತಟ್ಟೆಗಿಂತ ತುಸು ದೊಡ್ಡದಾದ ಕರಿಹಲಗೆಯನ್ನು ಬಗಲಿಗೆ ಅವುಚಿಕೊಂಡು ಅವರು ಪ್ಲಾಟ್‌ಫಾರಂ ಮೇಲೆ ಓಡುತ್ತಿದ್ದಾರೆ. ಹರಿಹರದ ಕಡೆಯ ಪ್ಯಾಸೆಂಜರ್ ಕೂಗಿ ಆಗಿದೆ, ಗಾಲಿ ಮೆಲ್ಲಗೆ ತಿರುಗುತ್ತಿದೆ. ಮೂರನೇ ದರ್ಜೆಯ ಡಬ್ಬಿಯೊಂದರ ಬಾಗಿಲಿನಿಂದ ಐದಾರು ಕೈಗಳು ಹೊರಗೆ ಚಾಚಿಕೊಂಡಿವೆ.

"ಬರ್ರಿ ಸಾರ್! ಹತ್ತಿರ ಬರ್ರಿ... ಇನ್ನೂ ಹತ್ತಿರ... ಮುಟ್ಟಬ್ಯಾಡ್ರಿ!"

ಕೊನೆಯ ಮಾತಿಗೆ ಡಬ್ಬಿಯೆಲ್ಲ ಹೋ ಎಂದು ನಗುತ್ತದೆ. ಅದು ವಾಮದೇವಪ್ಪನವರದೇ ಪಾಠದ ಮಾತು, ಅವರದೇ ಮೂಗಿನ ದನಿಯಲ್ಲಿ. ಈ ಗಾಡಿಯಲ್ಲಿ ಆ ದನಿಯನ್ನು ಅಣಕಿಸದವರಿಲ್ಲ. ಟಿಕೆಟ್ ಕಲೆಕ್ಟರ್ ಉಜ್ಜನಪ್ಪನಿಂದ ಹಿಡಿದು ಮಂಡಕ್ಕಿ ಮಾರುವ ಖತೀಜಾಬೀವರೆಗೆ ಎಲ್ಲರಿಗೂ ಅದು ಬಾಯಿಪಾಠ. ಮಾಸ್ತರರು ಮಾತ್ರ ಆ ಹೊತ್ತಿಗೆ ನಗುವುದಿಲ್ಲ. ಒಂದು ಕೈ ಅವರ ಅಂಗಿಯ ಕಾಲರ್ ಹಿಡಿಯುತ್ತದೆ, ಇನ್ನೊಂದು ಕೈ ಹಲಗೆ ಹಿಡಿಯುತ್ತದೆ. ಒಳಗೆ ಬಿದ್ದವರೇ ಏದುಸಿರಲ್ಲಿ ಕೇಳುತ್ತಾರೆ: "ನಿನ್ನೆ ಎಲ್ಲಿಗೆ ಬಿಟ್ಟಿದ್ವಿ?"

ಪಾಠ ಶುರು. ಹಲಗೆ ಕಿಟಕಿಯ ಸರಳಿಗೆ ನೇತಾಡುತ್ತದೆ, ಗಾಡಿ ಅಲುಗಿದಂತೆಲ್ಲ ಅಂಕಿಗಳೂ ಅಲುಗುತ್ತವೆ. ಎದುರು ಕೂತವರು ಹರಿಹರದ ಯಂತ್ರದ ಕಾರ್ಖಾನೆಗೆ ಬೆಳಗಿನ ಪಾಳಿಗೆ ಹೋಗುವ ಹುಡುಗರು, ಕೆಲವರನ್ನು ಹುಡುಗರೆನ್ನಲು ಅವರ ಮೀಸೆಯೇ ಬಿಡುವುದಿಲ್ಲ. ಎಲ್ಲರೂ ಪಿ.ಯು.ಸಿ. ಗಣಿತದಲ್ಲಿ ಒಮ್ಮೆಯಾದರೂ ಮಗುಚಿಕೊಂಡವರೇ. ಬೆಳಗ್ಗೆ ಗಾಡಿ ಹಿಡಿಯಬೇಕು, ಸಂಜೆ ಮೈಯೆಲ್ಲ ಎಣ್ಣೆ ಕಬ್ಬಿಣ ಮಾಡಿಕೊಂಡು ಮರಳಬೇಕು. ಓದಲು ಇವರಿಗೆ ಉಳಿಯುವುದು ದಾವಣಗೆರೆಗೂ ಹರಿಹರಕ್ಕೂ ನಡುವಿನ ಅರ್ಧ ಗಂಟೆ ಮಾತ್ರ. ಅದನ್ನೇ ವಾಮದೇವಪ್ಪನವರು ಶಾಲೆ ಮಾಡಿಕೊಂಡಿದ್ದಾರೆ.

ಅವರು ಕಲಿಸುವುದರಲ್ಲಿ ಎಲ್ಲರೂ ಹೆದರುವ ಪಾಠವೆಂದರೆ ಲಿಮಿಟ್ಟು. ಕಾಲೇಜಿನ ಪಂಡಿತರು ಇದಕ್ಕೆ ಸೀಮೆ ಎನ್ನುತ್ತಾರಂತೆ. ಮಾಸ್ತರರ ಬಳಿ ಸೀಮೆಗಿಂತ ಸೀಮೆಸುಣ್ಣ ಹೆಚ್ಚು ಖರ್ಚಾಗುತ್ತದೆ. ಒಂದು ಲೆಕ್ಕದಲ್ಲಿ ಎಕ್ಸ್ ಎಂಬುದು ಸೊನ್ನೆಯಾದರೆ, ಸೊನ್ನೆಯನ್ನು ಸೊನ್ನೆಯಿಂದ ಭಾಗಿಸುವ ಪ್ರಸಂಗ ಬರುತ್ತದೆ. ಅದಕ್ಕೆ ಅರ್ಥವಿಲ್ಲ. ಆದರೆ ಸೊನ್ನೆಯ ಹತ್ತಿರ ಹೋದಾಗ ಉತ್ತರ ಯಾವ ಕಡೆ ವಾಲುತ್ತಿದೆ ಎಂದು ನೋಡಬಹುದು. ಅದಕ್ಕೆ ಮಾಸ್ತರರು ಸೂತ್ರ ಹೇಳುವುದಿಲ್ಲ, ಕೋಷ್ಟಕ ಹಾಕಿಸುತ್ತಾರೆ. ಎಡಗಡೆ ಎಕ್ಸಿನ ಬೆಲೆ, ಬಲಗಡೆ ಉತ್ತರ. ಅರ್ಧ ಹಾಕು, ಕಾಲು ಹಾಕು, ಹತ್ತರಲ್ಲೊಂದು ಹಾಕು.

"ಅಲ್ಲಿಗೆ ಹೋಗಂಗಿಲ್ಲ ಅಂದ್ರೆ ಹತ್ತಿರ ಹೋಗಾಕ ಯಾರ ಅಪ್ಪಣೆ ಬೇಕು?" ಎನ್ನುತ್ತಾರೆ ಅವರು. "ಹತ್ತಿರ ಹೋಗ್ರಿ. ಇನ್ನೂ ಹತ್ತಿರ ಹೋಗ್ರಿ. ಮುಟ್ಟಬ್ಯಾಡ್ರಿ ಅಷ್ಟೇ."

"ಅರೆ ಮಾಸ್ತರ್," ಮೂಲೆಯಿಂದ ಖತೀಜಾಬೀ ದನಿ ತೆಗೆಯುತ್ತಾಳೆ, ತೊಡೆಯ ಮೇಲೆ ಮಂಡಕ್ಕಿ ಚೀಲ. "ಇಷ್ಟು ದೊಡ್ಡ ಗಂಡಸರಿಗೆ ಬೆಳಗಾಗೆದ್ದು ಇದಾ ಹೇಳಿಕೊಡೋದು?"

ಹರಿಹರದ ಹೊರ ಸಿಗ್ನಲ್ ಬಳಿ ಗಾಡಿ ಹೆಚ್ಚುಕಡಿಮೆ ದಿನವೂ ನಿಲ್ಲುತ್ತದೆ. ಉಳಿದ ಪ್ರಯಾಣಿಕರು ರೈಲ್ವೆಯವರನ್ನು ಬೈಯುವ ಆ ಹೊತ್ತಿನಲ್ಲಿ ಮಾಸ್ತರರ ಮುಖ ಅರಳುತ್ತದೆ.

"ಗಾಡಿ ಎಲ್ಲಿಗೆ ಹೊಂಟೈತೆ?"

"ಹರಿಹರಕ್ಕೆ ಸಾರ್."

"ಮುಟ್ಟೈತಾ?"

"ಎಲ್ಲಿ ಸಾರ್, ಗೂಟ ಹೊಡಕಂಡು ನಿಂತೈತೆ."

"ಮತ್ತೆ ಹರಿಹರಕ್ಕೇ ಹೊಂಟೈತೆ ಅಂತ ಹೆಂಗೆ ಹೇಳ್ತೀ?"

"ದಾಟಿ ಬಂದ ಕಲ್ಲುಗಳು ನೋಡಿದ್ವಲ್ಲ ಸಾರ್. ಒಂದೊಂದೇ ಮೈಲಿ ಕಡಿಮೆ ಆಗ್ತಾ ಬಂತು."

"ಅದೇ ಕೋಷ್ಟಕ. ಹರಿಹರ ಲಿಮಿಟ್ಟು."

ವಾಮದೇವಪ್ಪ ಮಾಯಕೊಂಡದವರು, ವಯಸ್ಸು ನಲವತ್ತರ ಹತ್ತಿರ ಹತ್ತಿರ, ಮುಟ್ಟಿಲ್ಲ. ದಾವಣಗೆರೆಯ ಖಾಸಗಿ ಹೈಸ್ಕೂಲೊಂದರಲ್ಲಿ ಸಹಾಯಕ ಮಾಸ್ತರು. ವಿನೋಬನಗರದಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಇಂಟರ್‌ಮೀಡಿಯೆಟ್‌ನಲ್ಲಿ ಸ್ವತಃ ಗಣಿತಕ್ಕೆ ಬಿದ್ದವರು. ಆಮೇಲೆ ಹತ್ತಿ ಜಿನ್ನಿನಲ್ಲಿ ತೂಕ ಬರೆಯುವ ಕೆಲಸ ಮಾಡುತ್ತ ಓದಿದರು. ಹತ್ತಿಯಲ್ಲಿದ್ದವರು ಹತ್ತಿರಕ್ಕೆ ಬಂದದ್ದು ಹಾಗೆ. ಪ್ರಮೇಯಗಳು ತಲೆಗೆ ಹತ್ತದೆ ಇದ್ದಾಗ ಮೂಟೆಗಳ ಮೇಲೆ ಕೂತು ಒಂದೊಂದೇ ಬೆಲೆ ಹಾಕಿ ನೋಡಿದರಂತೆ. "ಅಂಕಿ ತಾನೇ ಬಂದು ಕಿವಿಯಾಗೆ ಹೇಳ್ತು ನೋಡ್ರಿ, ನಾನು ಇಂಥ ಕಡೆ ಹೊಂಟೀನಿ ಅಂತ," ಎನ್ನುವಾಗ ಅವರ ಕಣ್ಣಲ್ಲಿ ಈಗಲೂ ಆ ಹೊಳಪಿದೆ.

ಈ ರೈಲು ಶಾಲೆ ಯೋಜನೆ ಹಾಕಿ ಶುರುವಾದದ್ದಲ್ಲ. ಎರಡು ವರ್ಷದ ಹಿಂದೆ ಭಾವಮೈದುನನನ್ನು ಗಾಡಿಗೆ ಹತ್ತಿಸಲು ಬಂದಿದ್ದರು. ಕಿಟಕಿಯೊಳಗಿಂದ ಹಳೆಯ ವಿದ್ಯಾರ್ಥಿ ಸಣ್ಣಬೀರಪ್ಪ, "ಸಾರ್, ಒಂದೇ ಒಂದು ಲೆಕ್ಕ," ಎಂದ. ಹೊರಗಿನಿಂದ ಹೇಳಿದರೆ ತಿಳಿಯಲಿಲ್ಲ. ಒಳಗೆ ಹತ್ತಿ ಹೇಳಿದರು. ಲೆಕ್ಕ ಮುಗಿಯುವ ಮೊದಲೇ ದಾವಣಗೆರೆ ಮುಗಿದಿತ್ತು. ಹರಿಹರದಲ್ಲಿ ಉಜ್ಜನಪ್ಪ ಕೈಯೊಡ್ಡಿದಾಗ ಅವರ ಬಳಿ ಟಿಕೆಟ್ಟೂ ಇರಲಿಲ್ಲ, ಕಾಲಿಗೆ ಚಪ್ಪಲಿಯೂ ಇರಲಿಲ್ಲ. ಈಗ ಹುಡುಗರೇ ಸೇರಿ ಸೀಸನ್ ಪಾಸ್ ಮಾಡಿಸಿ ಕೊಡುತ್ತಾರೆ. ಫೀಸೆಂದರೆ ಅದೇ.

ವಿಚಿತ್ರವೆಂದರೆ, ದಿನವೂ ಹರಿಹರಕ್ಕೆ ಹೋಗುವ ಈ ಮನುಷ್ಯ ಹರಿಹರ ನೋಡಿಲ್ಲ. ಹುಡುಗರು ಗೇಟು ದಾಟಿ ಕಾರ್ಖಾನೆಯ ದಾರಿ ಹಿಡಿಯುತ್ತಾರೆ. ಮಾಸ್ತರರು ಪ್ಲಾಟ್‌ಫಾರಂ ಮೇಲೇ ಶತಪಥ ಹಾಕುತ್ತಾರೆ. ಹುಬ್ಬಳ್ಳಿಯ ಕಡೆಯಿಂದ ಬರುವ ಗಾಡಿ ತಪ್ಪಿದರೆ ಶಾಲೆಯ ಮೊದಲ ಪಿರಿಯಡ್ ಹೋಯಿತು, ಹೆಡ್‌ಮಾಸ್ತರರು ಈಗಾಗಲೇ ಕಣ್ಣು ಕೆಂಪು ಮಾಡಿದ್ದಾರೆ. ಆ ಗಾಡಿಯೋ ಒಮ್ಮೆ ಬೇಗ, ಒಮ್ಮೆ ತಡ. ತುಂಗಭದ್ರೆಯ ಸೇತುವೆಯ ಮೇಲೆ ಗಡಗಡ ಸದ್ದು ಕೇಳಿತೆಂದರೆ ಅವರು ಕೂತಲ್ಲಿಂದ ಎದ್ದೇಬಿಡುತ್ತಾರೆ. ಮನೆಯಲ್ಲಿ ಪಾತ್ರೆ ಬಿದ್ದರೂ ಏಳುತ್ತಾರೆ ಎಂಬುದು ಹೆಂಡತಿ ದ್ರಾಕ್ಷಾಯಣಮ್ಮನವರ ದೂರು. "ಇವ್ರು ಊಟಕ್ಕೂ ಕುಂಡ್ರಂಗಿಲ್ರಿ, ಬರೇ ತಾಟಿನ ಹತ್ತಿರ ಹತ್ತಿರ ಸುಳೀತಾರೆ."

ಕಳೆದ ಆಗಸ್ಟಿನಲ್ಲಿ ಈ ಚಡಪಡಿಕೆಗೆ ನಿಜವಾದ ಕಾರಣವೇ ಸಿಕ್ಕಿತು.

ಸಣ್ಣಬೀರಪ್ಪನಿಗೆ ಪರೀಕ್ಷೆಗೆ ಕೂರಲು ಅದು ಕೊನೆಯ ಸಲ. ಕಾರ್ಖಾನೆಯಲ್ಲಿ ಅವನು ಎರಕದ ಭಾಗಗಳನ್ನು ಹೊತ್ತು ಸಾಗಿಸುವ ಆಳು. ಪಿ.ಯು.ಸಿ. ಗಣಿತ ಪಾಸಾದರೆ ಒಳಗಿನ ತರಬೇತಿಗೆ ಹೆಸರು ಬರೆಯುತ್ತೇವೆ, ಯಂತ್ರದ ಮುಂದೆ ನಿಲ್ಲಿಸುತ್ತೇವೆ ಎಂದಿದ್ದರು ಮೇಲಿನವರು. ಆದರೆ ಇಪ್ಪತ್ತೈದು ತುಂಬಿದವರನ್ನು ಸೇರಿಸಿಕೊಳ್ಳುವುದಿಲ್ಲ. ಡಿಸೆಂಬರಿಗೆ ಅವನಿಗೆ ಇಪ್ಪತ್ತೈದು ತುಂಬುತ್ತದೆ. ಸೆಪ್ಟೆಂಬರಿನ ಪರೀಕ್ಷೆ ಕೈಕೊಟ್ಟರೆ ಬದುಕೆಲ್ಲ ಹೊರುವುದೇ.

ಅಂಥ ಒಂದು ಬೆಳಗ್ಗೆ ಹಲಗೆಯ ಮೇಲೆ ತ್ರಿಕೋನಮಿತಿಯ ಕಾಸ್ ಲೆಕ್ಕ ಬಂತು. ಕಾಸಿಲ್ಲದವರಿಗೆ ಎಲ್ಲಕ್ಕಿಂತ ಕಷ್ಟದ ಲೆಕ್ಕ. ಒಂದರಲ್ಲಿ ಕಾಸ್ ಎಕ್ಸ್ ಕಳೆಯಬೇಕು, ಉಳಿದದ್ದನ್ನು ಎಕ್ಸಿನ ವರ್ಗದಿಂದ ಭಾಗಿಸಬೇಕು, ಎಕ್ಸ್ ಸೊನ್ನೆಯ ಹತ್ತಿರ ಹೋದಾಗ ಏನಾಗುತ್ತದೆ ನೋಡಬೇಕು. ಕಾಸಿನ ಬೆಲೆ ನೋಡಲು ಲಾಗ್ ಪುಸ್ತಕವಿದೆ, ನಾಲ್ಕು ದಶಮಾಂಶ ಸ್ಥಾನದ್ದು, ಎಲ್ಲರ ಕೈಗೆ ಹೋಗಿ ಅಂಚು ಕಪ್ಪಾದದ್ದು. ಪುಸ್ತಕ ಸಣ್ಣಬೀರಪ್ಪನ ತೊಡೆಯ ಮೇಲಿತ್ತು.

ಎಕ್ಸ್ ಅರ್ಧವಾದಾಗ ಉತ್ತರ 0.4896. ಪಾಯಿಂಟ್ ಎರಡಕ್ಕೆ 0.4975. ಪಾಯಿಂಟ್ ಒಂದಕ್ಕೆ ಸರಿಯಾಗಿ 0.5. ಮಾಸ್ತರರು ಕೈ ಉಜ್ಜಿಕೊಂಡರು. ಉತ್ತರ ಅರ್ಧ ಎಂದು ಡಬ್ಬಿಗೆಲ್ಲ ಕಾಣುತ್ತಿತ್ತು. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ರೂಢಿಯ ಮಾತು ಬಾಯಿಂದ ಜಾರಿತು.

"ಇನ್ನೂ ಹತ್ತಿರ ಹೋಗ್ರಿ."

ಪಾಯಿಂಟ್ ಸೊನ್ನೆ ಐದಕ್ಕೆ 0.48 ಬಂತು. "ಎಲ್ಲೋ ಕೈತಪ್ಪೈತೆ, ಇರ್ಲಿ, ಇನ್ನೂ ಹತ್ತಿರ," ಎಂದರು.

ಪಾಯಿಂಟ್ ಸೊನ್ನೆ ಒಂದು. ಸಣ್ಣಬೀರಪ್ಪ ಪುಸ್ತಕದ ಮೇಲೆ ಬೆರಳಿಟ್ಟು ಎರಡು ಸಲ ನೋಡಿದ. "ಸಾರ್, ಕಾಸ್ ಬೆಲೆ ಒಂದು ಅಂತ ಐತೆ. ಒಂದರಾಗೆ ಒಂದು ಹೋದ್ರೆ ಸೊನ್ನೆ. ಉತ್ತರ ಸೊನ್ನೆ."

"ತಪ್ಪು ನೋಡಿದಿ. ಇನ್ನೂ ಸಣ್ಣದು ಹಾಕು."

ಸಣ್ಣದು ಹಾಕಿದರೂ ಸೊನ್ನೆ. ಅದಕ್ಕೂ ಸಣ್ಣದು ಹಾಕಿದರೂ ಸೊನ್ನೆ. ಅರ್ಧದ ಕಡೆ ನೆಟ್ಟಗೆ ಹೊರಟಿದ್ದ ಲಾಗ್ ಪುಸ್ತಕ ಲಾಗ ಹಾಕಿ ಬಿದ್ದಿತ್ತು. ಯಾರೋ ಕಿಸಕ್ಕೆಂದರು. ಮಾಸ್ತರರು ಹಲಗೆ ಒರೆಸಿದರು, ಮತ್ತೆ ಬರೆದರು, ಮತ್ತೆ ಒರೆಸಿದರು. ಗಾಡಿ ಹರಿಹರ ತಲುಪಿತು, ಲೆಕ್ಕ ತಲುಪಲಿಲ್ಲ.

ಇಳಿಯುವಾಗ ಸಣ್ಣಬೀರಪ್ಪ ಪುಸ್ತಕವನ್ನು ಅವರ ಕೈಗಿಟ್ಟ. "ನೀವು ಹೇಳಿದಂಗೇ ಹತ್ತಿರ ಹೋದೆ ಸಾರ್. ನನ್ನ ಹಣೆಬರಹಕ್ಕೆ ಹತ್ತಿರ ಹೋದ್ರೂ ಸೊನ್ನೆ, ದೂರ ಇದ್ರೂ ಸೊನ್ನೆ. ಹೋದ ಪರೀಕ್ಷೆಯಾಗೂ ಇದೇ ಬಂದಿತ್ತು." ನಗುನಗುತ್ತಲೇ ಹೇಳಿದ. ಮರುದಿನ ಅವನು ಆ ಡಬ್ಬಿಗೆ ಬರಲಿಲ್ಲ. ಇಂಜಿನ್ನಿನ ಹಿಂದಿನ ಡಬ್ಬಿಯಲ್ಲಿ ಇಸ್ಪೀಟು ಆಡುವವರ ಜೊತೆ ಕೂತಿದ್ದಾನೆಂದು ಸುದ್ದಿ ಬಂತು.

ಆ ವಾರ ವಾಮದೇವಪ್ಪನವರಿಗೆ ಕೂತರೆ ಕೂತಂತಿಲ್ಲ, ನಿಂತರೆ ನಿಂತಂತಿಲ್ಲ. ಪುಸ್ತಕದ ಹಿಂದಿನ ಉತ್ತರ ಅರ್ಧ ಎನ್ನುತ್ತದೆ, ಸೂತ್ರ ಹಾಕಿದರೂ ಅರ್ಧವೇ. ಕೋಷ್ಟಕ ಮಾತ್ರ ಸೊನ್ನೆ ಎನ್ನುತ್ತದೆ. ಸೂತ್ರ ಬಾಯಿಪಾಠ ಮಾಡಿಸಿ ಮುಗಿಸಬಹುದಿತ್ತು. ಆದರೆ ಹತ್ತಿ ಮೂಟೆಯ ಮೇಲೆ ಕೂತಾಗಿನಿಂದ ಅವರು ನಂಬಿದ್ದು ಕೋಷ್ಟಕವನ್ನು, ಆ ಹುಡುಗನಿಗೆ ನಂಬಿಸಿದ್ದೂ ಅದನ್ನೇ. ಭಾನುವಾರ ವಿನೋಬನಗರದ ಬೀದಿಯಲ್ಲಿ ತಿರುಗಿದರು. ಎಣ್ಣೆ ತರಲು ಹೋಗಿ ಸೀಸೆ ಅಂಗಡಿಯಲ್ಲೇ ಬಿಟ್ಟು ಬಂದರು.

"ಎಣ್ಣಿ ಎಲ್ರಿ?" ಎಂದರು ದ್ರಾಕ್ಷಾಯಣಮ್ಮ.

"ಸೊನ್ನೆ," ಎಂದರು ಇವರು.

"ನಾನು ಒಗ್ಗರಣಿ ಯಾತರಾಗೆ ಹಾಕ್ಲಿ, ಸೊನ್ನಿಯಾಗಾ?"

ಬುಧವಾರ ಗಾಡಿಯಲ್ಲಿ ಪಾಠ ಸಪ್ಪಗೆ ನಡೆದಿತ್ತು. ಖತೀಜಾಬೀಯ ಬಳಿ ಯಾರೋ ಹೊಸ ಗಿರಾಕಿ ತಗಾದೆ ತೆಗೆದಿದ್ದ. ಅವಳ ಚೀಲದಲ್ಲಿ ಶೇಂಗಾ ತೂಗುವ ಪುಟ್ಟ ತಕ್ಕಡಿಯಿದೆ, ಮಂಡಕ್ಕಿಗೆ ಮಾತ್ರ ಡಬ್ಬಿ ಅಳತೆ. ಗಿರಾಕಿಗೆ ಮಂಡಕ್ಕಿಯನ್ನೂ ತೂಗಿಯೇ ಕೊಡಬೇಕಂತೆ.

"ಯಾ ಊರಿಂದ ಬಂದ್ಯಪ್ಪಾ?" ಎಂದಳು ಅವಳು. "ದಾವಣಗೆರೆಯಾಗೆ ಮಂಡಕ್ಕಿ ತೂಗ್ತಾರಾ ಯಾರಾದ್ರೂ? ತಗೋ, ನೋಡು." ತಕ್ಕಡಿ ಎತ್ತಿ ಒಂದೇ ಒಂದು ಮಂಡಕ್ಕಿ ಕಾಳು ಹಾಕಿದಳು. ಮುಳ್ಳು ಮಿಸುಕಲಿಲ್ಲ. "ನನ್ನ ತಕ್ಕಡಿ ಹೇಳ್ತೈತೆ, ಏನೂ ಇಲ್ಲ ಅಂತ. ಹಂಗಂತ ಇಡೀ ಚೀಲ ಪುಕ್ಕಟೆ ಕೊಡ್ಲಾ ನಿಂಗೆ?"

ಡಬ್ಬಿ ನಕ್ಕಿತು. ವಾಮದೇವಪ್ಪ ನಗಲಿಲ್ಲ. ಎದ್ದು ನಿಂತರು, ಕೂತರು, ಮತ್ತೆ ಎದ್ದರು. ಹುಡುಗನೊಬ್ಬನ ಕೈಯಿಂದ ಲಾಗ್ ಪುಸ್ತಕ ಕಿತ್ತುಕೊಂಡು ಕಾಸ್ ಪುಟ ತೆರೆದರು. ನಾಲ್ಕೇ ಸ್ಥಾನ! ಪುಸ್ತಕವೂ ಒಂದು ತಕ್ಕಡಿ. ನಾಲ್ಕನೇ ಸ್ಥಾನಕ್ಕಿಂತ ಸಣ್ಣ ವ್ಯತ್ಯಾಸ ಅದರ ಮುಳ್ಳಿಗೆ ತಾಗುವುದಿಲ್ಲ. ಪಾಯಿಂಟ್ ಸೊನ್ನೆ ಒಂದರ ಕಾಸ್ ನಿಜವಾಗಿ ಒಂದಲ್ಲ, ಒಂದಕ್ಕಿಂತ ಕೂದಲೆಳೆ ಕಡಿಮೆ. ಆ ಕೂದಲೆಳೆಯಲ್ಲೇ ಉತ್ತರವಿತ್ತು. ಅದನ್ನು ಪುಸ್ತಕ ಒಂದಕ್ಕೆ ದುಂಡಗೆ ಮಾಡಿ ನುಂಗಿತ್ತು. ಮೊದಲು ಬಂದ 0.48 ಕೈತಪ್ಪಲ್ಲ, ಇನ್ನು ನನ್ನ ಕೈಲಾಗುವುದಿಲ್ಲ ಎಂದು ಪುಸ್ತಕ ಕೊಟ್ಟ ಮುನ್ಸೂಚನೆ.

ಆ ಹೊತ್ತಿಗೆ ಸರಿಯಾಗಿ ಗಾಡಿ ಹೊರ ಸಿಗ್ನಲ್ ಬಳಿ ನಿಂತಿತು. ಈ ಗಾಡಿಯಲ್ಲಿ ಒಂದು ಡಬ್ಬಿಯಿಂದ ಇನ್ನೊಂದಕ್ಕೆ ಒಳದಾರಿಯಿಲ್ಲ. ಮಾಸ್ತರರು ಖತೀಜಾಬೀಯ ಕೈಯಿಂದ ತಕ್ಕಡಿ ಕಸಿದು, ಒಂದು ಹಿಡಿ ಮಂಡಕ್ಕಿ ಜೇಬಿಗೆ ತುರುಕಿ, ಜಲ್ಲಿಕಲ್ಲಿನ ಮೇಲೆ ಧುಮುಕಿ ಇಂಜಿನ್ನಿನ ಕಡೆ ಓಡತೊಡಗಿದರು.

"ಯಾ ಅಲ್ಲಾ! ಮಾಸ್ತರ್ ನನ್ನ ತಕ್ಕಡಿ ಕದ್ಕೊಂಡು ಓಡ್ತಾರೆ! ಹಿಡೀರ್ರೀ!"

ಇಸ್ಪೀಟಿನ ಡಬ್ಬಿಯ ಕಿಟಕಿಯ ಕೆಳಗೆ ನಿಂತು ಅವರು ತಕ್ಕಡಿಗೆ ಒಂದು ಮಂಡಕ್ಕಿ ಹಾಕಿ ಮೇಲೆತ್ತಿದರು. "ಏ ಸಣ್ಣಬೀರಾ! ಒಂದು ಮಂಡಕ್ಕಿ ತೂಗು!"

ಎಲೆ ಹಿಡಿದವನು ತಲೆ ಹೊರಗೆ ಹಾಕಿದ. "ಸಾರ್, ಆರಾಮದೀರಾ?"

"ತೂಗಲೇ! ಏನು ಬರ್ತೈತೆ?"

"ಏನೂ ಬರಂಗಿಲ್ಲ ಸಾರ್."

"ಮಂಡಕ್ಕಿ ಸೊನ್ನೆನಾ?"

"ಮಂಡಕ್ಕಿ ಐತಲ್ಲ ಸಾರ್, ಕಾಣ್ತೈತೆ."

"ಹಂಗಾದ್ರೆ ಯಾರ್ದು ತಪ್ಪು?"

ಸಣ್ಣಬೀರಪ್ಪ ತಕ್ಕಡಿ ನೋಡಿದ, ಮಾಸ್ತರರ ಇನ್ನೊಂದು ಕೈಯಲ್ಲಿದ್ದ ಲಾಗ್ ಪುಸ್ತಕ ನೋಡಿದ. ಅವನ ತುಟಿ ತಾನಾಗಿ ಅಲುಗಿತು, ಲೆಕ್ಕ ಹಾಕುವವರ ತುಟಿಯಂತೆ. "ಪುಸ್ತಕದ ತಕ್ಕಡಿ ದಪ್ಪ ಐತೆ ಸಾರ್," ಎಂದ ಕೊನೆಗೆ. "ಅಷ್ಟು ಹತ್ತಿರ ಹೋಗಬಾರದಿತ್ತು ನಾವು. ಪಾಯಿಂಟ್ ಒಂದಕ್ಕೇ ನಿಲ್ಲಬೇಕಿತ್ತು."

"ನಿಂದು ತಪ್ಪಿಲ್ಲ. ಹತ್ತಿರ ಹೋಗು ಹತ್ತಿರ ಹೋಗು ಅಂತ ಅಂದೋನು ನಾನು. ಎಲ್ಲಿ ನಿಂದ್ರಬೇಕು ಅಂತ ಹೇಳಿರಲಿಲ್ಲ."

ಸಿಗ್ನಲ್ ಕೈ ಇಳಿಯಿತು. ಗಾಡಿ ಕೂಗಿತು. ಸಣ್ಣಬೀರಪ್ಪ ಎಲೆಗಳನ್ನು ಬಿಸಾಡಿ, ಬಾಗಿಲಿಗೆ ಬಂದು, ಮಾಸ್ತರರ ರಟ್ಟೆ ಹಿಡಿದು ಒಳಗೆಳೆದುಕೊಂಡ. ಅವನ ಕೈಯಲ್ಲಿ ಆಗ ಗೆಲ್ಲುವ ಎಲೆಗಳಿದ್ದವು ಎಂದು ಇಸ್ಪೀಟಿನವರು ಇಂದಿಗೂ ಹಲುಬುತ್ತಾರೆ.

ಅಲ್ಲಿಂದ ಪಾಠದ ಮಂತ್ರಕ್ಕೆ ಬಾಲವೊಂದು ಸೇರಿದೆ: "ಹತ್ತಿರ ಹೋಗ್ರಿ, ಇನ್ನೂ ಹತ್ತಿರ ಹೋಗ್ರಿ, ಮುಟ್ಟಬ್ಯಾಡ್ರಿ, ತಕ್ಕಡಿ ಕಡೆ ಒಂದು ಕಣ್ಣಿಡ್ರಿ." ಉಜ್ಜನಪ್ಪ ಈಗ ಇದನ್ನೂ ಸೇರಿಸಿ ಅಣಕಿಸುತ್ತಾನೆ. ಖತೀಜಾಬೀ ಮಾತ್ರ ಪಾಠ ಶುರುವಾಗುವ ಮೊದಲು ತಕ್ಕಡಿಯನ್ನು ಚೀಲದ ತಳಕ್ಕೆ ಸೇರಿಸಿಬಿಡುತ್ತಾಳೆ.

ಸೆಪ್ಟೆಂಬರಿನ ಪ್ರಶ್ನೆಪತ್ರಿಕೆಯಲ್ಲಿ ಲಿಮಿಟ್ಟಿನ ಲೆಕ್ಕ ಬಂದಿತ್ತು. ಸಣ್ಣಬೀರಪ್ಪ ಕೋಷ್ಟಕ ಹಾಕಿ, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತು, ಯಾಕೆ ನಿಂತೆ ಎಂದೂ ಒಂದು ಸಾಲು ಬರೆದ. ಮಂಡಕ್ಕಿಯ ಹೆಸರು ಬರೆಯಲಿಲ್ಲವಂತೆ. "ಪೇಪರ್ ನೋಡೋರು ಹಸಕಂಡಿದ್ರೆ ಕಷ್ಟ ಸಾರ್," ಎಂದನಂತೆ. ನವೆಂಬರಿನಲ್ಲಿ ಅವನ ನಂಬರು ಪತ್ರಿಕೆಯಲ್ಲಿ ಬಂತು, ಮೂರನೇ ದರ್ಜೆ. ಗಾಡಿಯಲ್ಲೂ ಮೂರನೇ ದರ್ಜೆ, ಪರೀಕ್ಷೆಯಲ್ಲೂ ಮೂರನೇ ದರ್ಜೆ. ಎರಡೂ ಊರು ಮುಟ್ಟಿಸುತ್ತವೆ. ತರಬೇತಿಗೆ ಅವನ ಹೆಸರು ಹತ್ತಿದೆ. ಹರಿಹರದಲ್ಲೇ ಕಾರ್ಖಾನೆಯ ಬಳಿ ಕೋಣೆ ಹಿಡಿದಿದ್ದಾನೆ. ಹಾಗಾಗಿ ಈ ಬೆಳಗಿನ ಗಾಡಿಯಲ್ಲಿ ಅವನಿಲ್ಲ. ಅವನ ಜಾಗದಲ್ಲಿ ಇನ್ನೊಬ್ಬ ಮಗುಚಿಕೊಂಡವನು ಕೂತಿದ್ದಾನೆ.

ಆದರೆ ಗಾಡಿ ಹರಿಹರದಲ್ಲಿ ನಿಂತಾಗ ಗೇಟಿನ ಆಚೆ ಎಣ್ಣೆ ಹಚ್ಚಿ ಬಾಚಿದ ತಲೆಯೊಂದು ಕಾಣುತ್ತದೆ.

"ಇವತ್ತು ಬಿಡಂಗಿಲ್ಲ ಸಾರ್," ಎಂದು ಸಣ್ಣಬೀರಪ್ಪ ಅಲ್ಲಿಂದಲೇ ಕೂಗುತ್ತಾನೆ. "ನಮ್ಮ ಕೋಣೆಗೆ ಬಂದು ಚಾ ಕುಡಿದೇ ಹೋಗಬೇಕು. ಆಮ್ಯಾಲೆ ಗುಡಿ ನೋಡ್ಸಿ ಕಳಸ್ತೀನಿ."

ಮಾಸ್ತರರು ಬಗಲಲ್ಲಿ ಹಲಗೆ ಹಿಡಿದು ಗೇಟಿನ ಕಡೆ ಹೆಜ್ಜೆ ಹಾಕುತ್ತಾರೆ. ಉಜ್ಜನಪ್ಪ ಬೇಕೆಂದೇ ದಾರಿ ಬಿಟ್ಟು ನಿಲ್ಲುತ್ತಾನೆ. ಎರಡು ಹೆಜ್ಜೆ ಉಳಿದಿದೆ. ಅಷ್ಟರಲ್ಲಿ ತುಂಗಭದ್ರೆಯ ಸೇತುವೆ ಗಡಗಡ ಎನ್ನುತ್ತದೆ. ಅವರ ಕಾಲು ತಾನಾಗಿ ನಿಲ್ಲುತ್ತದೆ.

"ಇನ್ನೂ ಹತ್ತಿರ ಸಾರ್! ಇನ್ನೂ ಹತ್ತಿರ!" ಸಣ್ಣಬೀರಪ್ಪ ಮೂಗಿನ ದನಿ ತೆಗೆಯುತ್ತಾನೆ.

ವಾಮದೇವಪ್ಪ ಈ ಸಲ ನಗುತ್ತಾರೆ, ಕಂಬಿಯ ಸಂದಿಯಿಂದ ಅವನ ಭುಜ ತಟ್ಟುತ್ತಾರೆ, ತಿರುಗಿ ಓಡುತ್ತಾರೆ. ಭಾನುವಾರ ಬರಬಾರದೇಕೆ ಎಂದರೆ, "ಭಾನುವಾರ ಮನೆ ತುಂಬ ನಪಾಸಾದೋರು. ಪಾಸ್ ನಡಿತೈತೆ, ನನ್ನ ಕಾಲು ನಡಿಯಂಗಿಲ್ಲ," ಎನ್ನುತ್ತಾರೆ. ಬೇಸಿಗೆ ರಜೆಯಲ್ಲಿ ಒಂದು ದಿನ ಆ ಗೇಟು ದಾಟಬೇಕೆಂಬ ಆಸೆಯಿದೆ. ಆ ಹುಡುಗನ ಕೋಣೆಯಲ್ಲಿ ಕೂತು, ಹೌದು, ಕೂತು, ಒಂದು ಲೋಟ ಚಹಾ ಕುಡಿಯಬೇಕು.

ದಾವಣಗೆರೆಯ ಗಾಡಿ ಹೊರಡುತ್ತದೆ. ಬಾಗಿಲಲ್ಲಿ ನಿಂತು ಅವರು ಹಿಂದೆ ಸರಿಯುವ ಗೇಟನ್ನೂ, ಅದರಾಚೆ ಕಾರ್ಖಾನೆಯ ದಾರಿ ಹಿಡಿದ ತಲೆಯನ್ನೂ ನೋಡುತ್ತಾರೆ.

"ದಿನಾ ಇಷ್ಟು ಜನ ಆ ಗೇಟು ದಾಟಿ ಹೋಗ್ತಾರೆ. ಈಗ ನಮ್ಮ ಸಣ್ಣಬೀರ ಅಲ್ಲೇ ಮನಿ ಮಾಡ್ಯಾನೆ," ಎನ್ನುತ್ತಾರೆ. "ನಾನು ಕಣ್ಣಿಲೆ ಕಂಡಿಲ್ಲ. ಆದ್ರೂ ಕೋಷ್ಟಕ ನೋಡಿದ್ರೆ, ಆ ಕಡೆ ಒಂದು ಊರು ಇರಾದು ಖರೆ."